ಹಿರಿಯರ ದನಿಯನ್ನು ತಟ್ಟೆಗೆ ಇಳಿಸುವ ಬಗೆ

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ವಿಷಯ ಚರ್ಚೆಗೆ ಬಂದು ತೀರ್ಮಾನವಾಗದೆ ಉಳಿಯಿತು. ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ದಾಸರ ಪದಗಳನ್ನು ಹಾಡುವುದನ್ನು ಬಹಳ ಮಂದಿ ಕೇಳಿದ್ದೀರಿ. ಅವರಿಗೆ ಈಗ 82 ವರ್ಷ. ಗದಗಿನ ಕಡೆಯಿಂದ ಸೊಸೆಯಾಗಿ ಪುಣೆಗೆ ಬಂದವರು, ತಾಯಿಯಿಂದ ಕಲಿತ ನಲವತ್ತು ಐವತ್ತು ಪದಗಳನ್ನು ಇಂದಿಗೂ ಪುಸ್ತಕ ನೋಡದೆ ಹಾಡುತ್ತಾರೆ. ಆ ಧಾಟಿಗಳು ಬೇರೆಲ್ಲೂ ಸಿಕ್ಕುವುದಿಲ್ಲ. ಅವನ್ನು ಮುದ್ರಿಸಿ ಸದಸ್ಯರ ಮನೆಮನೆಗೆ ತಲುಪಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹೇಗೆ ಮುದ್ರಿಸಬೇಕೆಂಬುದರಲ್ಲಿ ಮಾತ್ರ ಎರಡು ಪಕ್ಷವಾಯಿತು.

ಒಂದು ಪಕ್ಷದ ವಾದ ಹೀಗೆ: ಒಳ್ಳೆಯ ಸ್ಟುಡಿಯೋ ಗೊತ್ತುಮಾಡಬೇಕು, ಕೀಬೋರ್ಡು, ಕೊಳಲು, ತಾಳವಾದ್ಯ ಎಲ್ಲ ಸೇರಿಸಬೇಕು, ನಡುವೆ ಉಸಿರು ಎಳೆಯುವ ಸಪ್ಪಳವನ್ನೂ ದನಿಯ ನಡುಕವನ್ನೂ ಕಂಪ್ಯೂಟರಿನಿಂದ ತೆಗೆಸಬೇಕು, ಪದ ಮೂರು ನಿಮಿಷ ಮೀರಬಾರದು, ಇಲ್ಲವಾದರೆ ನಮ್ಮ ಮಕ್ಕಳು ಕೇಳುವುದಿಲ್ಲ. ಇನ್ನೊಂದು ಪಕ್ಷ, ಅವರ ಮನೆಯಲ್ಲೇ ತಂಬೂರಿ ಇಟ್ಟುಕೊಂಡು ಇದ್ದದ್ದನ್ನು ಇದ್ದ ಹಾಗೆ ಮುದ್ರಿಸಿದರೆ ಸಾಕು ಎಂದಿತು. ಕೊನೆಗೆ ಅಧ್ಯಕ್ಷರು, "ನೀವು ಇದರ ಮೇಲೆ ಒಂದು ಟಿಪ್ಪಣಿ ಬರೆಯಿರಿ" ಎಂದು ಕಡತವನ್ನು ನಮ್ಮ ಕಡೆಗೆ ತಳ್ಳಿದರು. ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಹೊಸ ಕಡತ ಬಂದರೆ ಹಿಂದೆ ಇಂಥ ಪ್ರಕರಣದಲ್ಲಿ ಏನು ನಡೆದಿತ್ತೆಂದು ಹಳೆಯ ಕಡತ ತೆಗೆದು ನೋಡುವುದು ನಮಗೆ ಅಂಟಿದ ರೂಢಿ. ಹಾಗೆ ನೋಡಿದಾಗ ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ದೇಶದ ಸಂಗೀತವನ್ನು ತಟ್ಟೆಗೆ ಇಳಿಸಲು ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದದ್ದು 1902ರಲ್ಲಿ. ಆಗ ಮೈಕ್ ಇರಲಿಲ್ಲ, ವಿದ್ಯುತ್ತಿನ ನೆರವೂ ಇರಲಿಲ್ಲ. ಗಾಯಕರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಎತ್ತರದ ದನಿಯಲ್ಲಿ ಹಾಡಬೇಕು. ಆ ದನಿಯ ಒತ್ತಡಕ್ಕೆ ಕಹಳೆಯ ಕೊನೆಯಲ್ಲಿದ್ದ ತೆಳು ಪರದೆ ಅದುರಿ, ಅದಕ್ಕೆ ಅಂಟಿದ ಮುಳ್ಳು ತಿರುಗುವ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ತಂಬೂರಿಯ ಮೆಲುದನಿ ಆ ಕಹಳೆಗೆ ಸರಿಯಾಗಿ ನಿಲುಕುತ್ತಲೇ ಇರಲಿಲ್ಲ. ಹಾಡು ಮುಗಿದ ಕೂಡಲೆ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವುದು ಯಾರ ಹಾಡೆಂದು ತಿಳಿಯಬೇಕಲ್ಲ!

ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಅದರ ಮೇಲೆ ಸ್ವಲ್ಪ. ಗಂಟೆಗಟ್ಟಲೆ ರಾಗ ಬಿಡಿಸುವವರಿಗೆ ಇದು ಶಿಕ್ಷೆಯೇ ಸರಿ. ಹಾಗೆಂದು ದೊಡ್ಡವರೆಲ್ಲ ಬೇಡವೆನ್ನಲಿಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಶತಮಾನದ ಆರಂಭದಲ್ಲೊಮ್ಮೆ, 1930ರ ದಶಕದಲ್ಲಿ ಮತ್ತೊಮ್ಮೆ ತಟ್ಟೆಗಳನ್ನು ಕೊಟ್ಟರು. ಅವರು ನಮ್ಮ ಈ ಪುಣೆಯಲ್ಲಿಯೇ 1913ರಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದವರು. 1925ರಲ್ಲಿ ವಿದ್ಯುತ್ ಮುದ್ರಣ ಬಂದು ಕಹಳೆಯ ಜಾಗಕ್ಕೆ ಮೈಕ್ ಬಂದಿತ್ತು. ಕೂಗಬೇಕಾದ ಕಾಲ ಮುಗಿದಿತ್ತು. ಅವರ ಎರಡನೆಯ ಸಲದ ತಟ್ಟೆಗಳನ್ನು ಕೇಳಿ ನೋಡಿ. ಅರವತ್ತರ ಆಸುಪಾಸಿನ ವಯಸ್ಸು, ಮೆಲುವಾದ ದನಿ, ಹಿಂದೆ ತಂಬೂರಿ. ಮೂರು ನಿಮಿಷದಲ್ಲಿ ಅವಸರವೆಂಬುದೇ ಇಲ್ಲ. ಎಲ್ಲವನ್ನೂ ತುಂಬಲು ಹೋಗದೆ, ರಾಗದ ಎರಡು ಮೂರು ಎಳೆಗಳನ್ನಷ್ಟೇ ಹಿಡಿದು ಹಾಡಿದ್ದಾರೆ.

ಅಂಥ ಒಂದು ತಟ್ಟೆ ಮಾಡಿದ ಕೆಲಸ ನಮ್ಮ ನಾಡಿಗೆ ಸೇರಿದ ಕಥೆ. ಗದಗಿನ ಶಾಲಾ ಮಾಸ್ತರ ಗುರುರಾಜ ಜೋಶಿಯವರ ಮಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ, ಹಾಡಿದರೆ ಹೀಗೆ ಹಾಡಬೇಕೆಂದು ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟ. ಆಗ ವಯಸ್ಸು 11. ಗ್ವಾಲಿಯರ್, ಕಲ್ಕತ್ತೆ, ಜಲಂಧರವೆಂದು ಅಲೆದಲೆದು ಕಡೆಗೆ ಗುರು ಸಿಕ್ಕಿದ್ದು ಊರಿನ ಮಗ್ಗುಲಲ್ಲೇ: ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರೂ ಖಾನ್‌ಸಾಹೇಬರ ಶಿಷ್ಯರೇ. ಆ ಹುಡುಗ ಪಂಡಿತ ಭೀಮಸೇನ ಜೋಶಿಯವರೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಸೂಳೇಭಾವಿಯ ಬಾಲಕ ಶಿವಪುತ್ರ, ಮುಂದೆ ಕುಮಾರ ಗಂಧರ್ವರಾದವರು, ದೊಡ್ಡವರ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ಜನರನ್ನು ಬೆರಗುಗೊಳಿಸಿದ್ದೂ ಇದೇ ಕಾಲದಲ್ಲಿ. ಆದ್ದರಿಂದ "ಮೂರು ನಿಮಿಷ ಮೀರಬಾರದು" ಎನ್ನುವ ನಮ್ಮ ಸ್ನೇಹಿತರನ್ನು ನಗಬೇಕಾಗಿಲ್ಲ. ಮೂರು ನಿಮಿಷದಿಂದ ಒಂದು ಜೀವಮಾನವೇ ಹೊರಟದ್ದುಂಟು. ಆದರೆ ಆ ಮೂರು ನಿಮಿಷಕ್ಕೆ ಏನು ಬೇಕು, ಏನು ಬೇಡ ಎಂದು ನಿರ್ಧರಿಸಿದವರು ಹಾಡುವವರೇ. ಹಾಡಿ ಮುಗಿದ ಮೇಲೆ ಬೇರೆಯವರು ಕತ್ತರಿ ಹಿಡಿಯಲಿಲ್ಲ. ಹಿಡಿಯಲು ಸಾಧ್ಯವೂ ಇರಲಿಲ್ಲ. ಮೇಣದ ಮೇಲೆ ಒಮ್ಮೆ ಕೊರೆದದ್ದನ್ನು ತಿದ್ದುವಂತಿರಲಿಲ್ಲ, ತಪ್ಪಿದರೆ ಮೊದಲಿನಿಂದ ಹಾಡಬೇಕು.

ಮಹಾಯುದ್ಧದ ನಂತರ ಟೇಪು ಬಳಕೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಟೇಪನ್ನು ಕತ್ತರಿಸಬಹುದು, ಅಂಟಿಸಬಹುದು, ಒಂದರ ಮೇಲೊಂದು ದನಿ ಕೂಡಿಸಬಹುದು. 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ತಟ್ಟೆ ಬಂದು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಅವಕಾಶವಾಯಿತು. ನಮ್ಮ ಧಾರವಾಡದ ಕಡೆಯ ಹಿರಿಯರಿಗೆ ಇದರಿಂದ ಉಪಕಾರವೇ ಆಯಿತು. ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲೇ ಎಚ್‌ಎಂವಿಗೆ ಹಾಡಿದ್ದರೂ, ಜೈಪುರ ಘರಾಣೆಯ ಅಪರೂಪದ ರಾಗಗಳನ್ನು ಸಾವಕಾಶವಾಗಿ ಹಾಡಿಟ್ಟದ್ದು ತಲೆ ನೆರೆತ ಮೇಲೆ. ಆ ದನಿಯಲ್ಲಿ ಹರೆಯದ ಹೊಳಪಿಲ್ಲ, ಉಸಿರು ಸಾಲದಾಗುವ ಜಾಗವೂ ಇದೆ. ಆದರೂ ಅವರನ್ನು ಕೇಳಬೇಕೆನ್ನುವವರು ಮೊದಲು ಹುಡುಕುವುದು ಆ ಮುದ್ರಣಗಳನ್ನೇ.

ಗಂಗೂಬಾಯಿ ಹಾನಗಲ್ಲರ ಉದಾಹರಣೆ ಇನ್ನೂ ನೇರವಾದುದು. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಮೊದಲ ತಟ್ಟೆಗಳಲ್ಲಿ ಇರುವುದು ಎತ್ತರದ, ಸಣ್ಣನೆಯ ಹೆಣ್ಣು ದನಿ. ಮುಂದೆ ಗಂಟಲ ಚಿಕಿತ್ಸೆಯ ನಂತರ ಆ ದನಿ ಇಳಿದು, ಗಂಡಸರದೆಂದು ಭ್ರಮಿಸುವಷ್ಟು ಗಡಸಾಯಿತು. ಅಂದು ಯಾರಾದರೂ ಬುದ್ಧಿವಂತರು "ಹಳೆಯ ದನಿಯನ್ನೇ ಜನ ಮೆಚ್ಚಿದ್ದಾರೆ, ಯಂತ್ರದಿಂದ ಹಾಗೆಯೇ ಮಾಡಿಕೊಡುತ್ತೇವೆ" ಎಂದು ಹಾಗೆ ಮಾಡಿಬಿಟ್ಟಿದ್ದರೆ? ನಾವು ಗಂಗೂಬಾಯಿಯೆಂದು ಇಂದು ತಿಳಿದಿರುವ ಗಂಗೂಬಾಯಿಯೇ ಇರುತ್ತಿರಲಿಲ್ಲ. ಅವರು ಶ್ರುತಿ ಇಳಿಸಿಕೊಂಡರು, ಹೊಸ ದನಿಗೆ ತಕ್ಕ ಹಾಡಿಕೆ ಕಟ್ಟಿಕೊಂಡರು. 2009ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಗುರುತಾಗಿತ್ತು.

ಇದೆಲ್ಲ ಶಾಸ್ತ್ರೀಯ ಸಂಗೀತದವರ ಮಾತು, ಹೊಸ ತಲೆಮಾರಿಗೆ ತಾಕುವುದಿಲ್ಲ ಎಂದು ಕೆಲವರು ಹೇಳಬಹುದು. ನಮ್ಮ ಮನೆಯ ಕಾಲೇಜು ಹುಡುಗನಿಗೆ ಪಾಶ್ಚಾತ್ಯ ರಾಕ್ ಸಂಗೀತದ ಹುಚ್ಚು. ಈ ಟಿಪ್ಪಣಿ ಬರೆಯುತ್ತಿದ್ದಾಗ ಅವನು ಹೇಳಿದ ಎರಡು ಸಂಗತಿಗಳು ನಮಗೂ ಹೊಸವು. 1970ರಲ್ಲಿ ಬೀಟಲ್ಸ್ ತಂಡದ 'ಲೆಟ್ ಇಟ್ ಬಿ' ಹೊರಬಂದಾಗ, ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೆಲವು ಹಾಡುಗಳ ಮೇಲೆ ಪಿಟೀಲುಗಳನ್ನೂ ಮೇಳಗಾನವನ್ನೂ ಹೇರಿದ್ದ. ತನ್ನನ್ನು ಕೇಳದೆ ತನ್ನ ಹಾಡಿಗೆ ಹೀಗೆ ಮಾಡಿದರೆಂದು ಪಾಲ್ ಮೆಕಾರ್ಟ್ನಿಗೆ ಬೇಸರವಾಯಿತು. ಮೂವತ್ತಮೂರು ವರ್ಷಗಳ ನಂತರ, 2003ರಲ್ಲಿ, ಆ ಒಡವೆಗಳನ್ನೆಲ್ಲ ಕಳಚಿ ಅದೇ ಹಾಡುಗಳನ್ನು ಮತ್ತೆ ಹೊರತಂದರು. ಮೂಲ ಟೇಪುಗಳು ಉಳಿದಿದ್ದರಿಂದ ಅದು ಸಾಧ್ಯವಾಯಿತು. ಎರಡನೆಯದು, ಜಾನಿ ಕ್ಯಾಶ್ ಎಂಬ ಹಿರಿಯ ಅಮೆರಿಕನ್ ಗಾಯಕನದು. ಅವನ ಕಾಲ ಮುಗಿಯಿತೆಂದು ಕಂಪನಿಗಳು ಕೈಬಿಟ್ಟಿದ್ದ ಸಮಯದಲ್ಲಿ ರಿಕ್ ರೂಬಿನ್ ಎಂಬ ನಿರ್ಮಾಪಕ ಅವನನ್ನು ತನ್ನ ಮನೆಯ ಕೋಣೆಯಲ್ಲಿ ಕೂರಿಸಿ, ಕೈಗೊಂದು ಗಿಟಾರು ಕೊಟ್ಟು, ನಿನಗಿಷ್ಟವಾದದ್ದನ್ನು ಹಾಡು ಎಂದ. 1994ರಲ್ಲಿ ಬಂದ ಆ ತಟ್ಟೆಯಿಂದ ಆ ಮುದುಕನನ್ನು ಮೊಮ್ಮಕ್ಕಳ ವಯಸ್ಸಿನವರು ಕೇಳತೊಡಗಿದರು. ಮಕ್ಕಳು ಕೇಳುವುದಿಲ್ಲವೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಸಿಕ್ಕಿಲ್ಲ.

ಇನ್ನು ಕಂಪ್ಯೂಟರಿನಿಂದ ದನಿ ತಿದ್ದುವ ವಿಷಯ. ಆಟೊಟ್ಯೂನ್ ಎಂಬ ಉಪಕರಣ 1997ರಲ್ಲಿ ಬಂತು. ಸ್ವರ ಸ್ವಲ್ಪ ಆಚೀಚೆಯಾದರೆ ಅದನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಬಿಎಸ್ಸಿಯಲ್ಲಿ ಕಲಿತ ಭೌತಶಾಸ್ತ್ರ ಇಲ್ಲಿ ತುಸು ಕೆಲಸಕ್ಕೆ ಬರುತ್ತದೆ. ಕೀಬೋರ್ಡಿನಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ನಮ್ಮ ಹಾಡಿಕೆ ಆ ಮನೆಗಳಲ್ಲಿ ಕೂರುವುದಿಲ್ಲ. ದರಬಾರಿಯ ಕೋಮಲ ಗಾಂಧಾರ ತೂಗುತ್ತಿರಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಮೀಂಡದಲ್ಲಿ ಜಾರಬೇಕು. ಇದೇ ಕಾರಣಕ್ಕೆ ಆಕಾಶವಾಣಿಯವರು 1940ರಿಂದ ಸುಮಾರು ಮೂವತ್ತು ವರ್ಷ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿದ್ದರು. ಅದು ಅತಿಯಾಯಿತೆಂದು ಆಮೇಲೆ ತಿದ್ದಿಕೊಂಡರು, ಇರಲಿ. ಹಾರ್ಮೋನಿಯಂ ಪಕ್ಕದಲ್ಲಿ ಕೂತು ನುಡಿಯುತ್ತದೆ, ದನಿಯನ್ನು ಮುಟ್ಟುವುದಿಲ್ಲ. ಈ ಉಪಕರಣವಾದರೋ ಗಂಟಲೊಳಕ್ಕೇ ಕೈ ಹಾಕುತ್ತದೆ. ಮುಪ್ಪಿನ ನಡುಕ ಯಾವುದು, ಬೇಕೆಂದೇ ತೂಗಿದ ಸ್ವರ ಯಾವುದು ಎಂದು ಅದಕ್ಕೆ ತಿಳಿಯುವುದು ಕಷ್ಟ.

ಹಾಗಾದರೆ ವಾದ್ಯಗಳೇ ಬೇಡವೆ? ಹಾಗೂ ಹೇಳುವಂತಿಲ್ಲ. ಭೀಮಸೇನರು ದಾಸರ ಪದಗಳಿಗೂ ಮರಾಠಿ ಅಭಂಗಗಳಿಗೂ ತಬಲಾ, ಹಾರ್ಮೋನಿಯಂ, ತಾಳಗಳ ತುಂಬು ಸಾಥಿ ಇಟ್ಟುಕೊಂಡರು. 1956ರ 'ಬಸಂತ್ ಬಹಾರ್' ಹಿಂದಿ ಚಿತ್ರಕ್ಕೂ 1966ರ 'ಸಂಧ್ಯಾರಾಗ' ಕನ್ನಡ ಚಿತ್ರಕ್ಕೂ ಹಾಡಿದರು. ಆದರೆ ಅಲ್ಲೆಲ್ಲ ಆ ದನಿ ಮುಂದೆ, ಉಳಿದದ್ದು ಹಿಂದೆ. ಗುರುಗಳು 1952ರಲ್ಲಿ ತೀರಿಕೊಂಡ ಮರುವರ್ಷವೇ ಅವರು ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವದ ಕೊನೆಯ ರಾತ್ರಿ, ಬೆಳಗಿನ ಹೊತ್ತಿಗೆ ಅವರೇ ಹಾಡಲು ಕೂಡುತ್ತಿದ್ದರು. ರಮಣಬಾಗಿನ ಚಳಿಯಲ್ಲಿ ಶಾಲು ಹೊದ್ದು ಕಾದು ಕುಳಿತವರು ನಮ್ಮ ಹಿರಿಯ ಸದಸ್ಯರಲ್ಲಿ ಎಷ್ಟೋ ಮಂದಿ. 2011ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಅವರು ಕೇಳಿಸಿಕೊಳ್ಳುವುದು ಹಳೆಯ ಕಛೇರಿಗಳ ಮುದ್ರಣಗಳನ್ನು. ಅವುಗಳಲ್ಲಿ ಕೆಮ್ಮು ಇದೆ, "ವಾಹ್" ಇದೆ, ತಂಬೂರಿ ಮತ್ತೆ ಶ್ರುತಿ ಮಾಡಿಕೊಂಡದ್ದೂ ಇದೆ. ಅದನ್ನು ತೆಗೆಸಿಕೊಡಿ ಎಂದು ಅವರಲ್ಲಿ ಒಬ್ಬರೂ ಕೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ.

ಇಷ್ಟು ಓದಿದ ಮೇಲೆ, ಯಾರ ಹಾಡೋ ಅವರನ್ನೇ ಕೇಳದೆ ಟಿಪ್ಪಣಿ ಬರೆಯುವುದು ಸರಿಯಲ್ಲವೆನಿಸಿ ಒಂದು ಭಾನುವಾರ ಆ ಅಜ್ಜಿಯ ಮನೆಗೆ ಹೋದೆವು. ಎರಡೂ ಪಕ್ಷದ ವಾದ ಹೇಳಿದೆವು. ಅವರು ಅವಲಕ್ಕಿ ಕೊಟ್ಟು, ನಕ್ಕು, "ಅಲ್ರೋ ತಮ್ಮಾ, ನನ್ನ ದನಿ ಈಗ ಹೀಂಗ ಅದ. ಅದಕ್ಕ ಬಣ್ಣ ಬಳದು ಯಾರಿಗೆ ತೋರಸ್ತೀರಿ? ನಮ್ಮವ್ವನ ದನಿ ಹೆಂಗಿತ್ತಂತ ನಾ ಮರತೇ ಹೋಗೇನಿ. ಯಾರರ ಹಿಡದಿಟ್ಟಿದ್ರ ಹೆಂಗಿದ್ರೂ ನಡೀತಿತ್ತು" ಎಂದರು. ಆಮೇಲೆ ಒಂದು ಪದ ಹಾಡಿದರು, ಏಳು ನಿಮಿಷವಾಯಿತು. ನಡುವೆ ಒಂದು ನುಡಿ ಬಿಟ್ಟುಹೋಯಿತೆಂದು ನಿಲ್ಲಿಸಿ, ನೆನೆಸಿಕೊಂಡು, ಮತ್ತೆ ಹಿಡಿದರು.

ಆದ್ದರಿಂದ ನಮ್ಮ ಟಿಪ್ಪಣಿ ಹೀಗಿದೆ. ಮುದ್ರಣ ಅವರ ಮನೆಯಲ್ಲಿಯೇ ಆಗಲಿ, ಅವರ ದನಿ ತಿಳಿಯಾಗಿರುವ ಬೆಳಗಿನ ಹೊತ್ತಿನಲ್ಲಿ. ಒಂದು ದಿನಕ್ಕೆ ಮೂರು ಪದಕ್ಕಿಂತ ಹೆಚ್ಚು ಬೇಡ. ಶ್ರುತಿ ಅವರು ಹೇಳಿದ್ದು. ತಂಬೂರಿ ಮತ್ತು ತಾಳ ಸಾಕು. ಪದ ಎಷ್ಟು ಉದ್ದವೋ ಅಷ್ಟೂ ಇರಲಿ. ಮಕ್ಕಳಿಗಾಗಿ ಚಿಕ್ಕದು ಬೇಕಾದರೆ ಎರಡು ನುಡಿ ಆರಿಸಿ ಬೇರೆಯಾಗಿ ಅವರೇ ಹಾಡಿಕೊಡಲಿ. ಕೀಬೋರ್ಡು ಸೇರಿಸಬೇಕೆನ್ನುವವರು ಪ್ರತಿಯೊಂದರ ಮೇಲೆ ಸೇರಿಸಿಕೊಳ್ಳಲಿ, ನಮ್ಮ ಅಡ್ಡಿಯಿಲ್ಲ. ಆದರೆ ಮೂಲ ಮುದ್ರಣವನ್ನು ಮುಟ್ಟದೆ ಎರಡು ಕಡೆ ಕಾಪಿಡಬೇಕು. ಪ್ರತಿ ಪದದ ಮೊದಲು ಅವರು ತಮ್ಮ ಹೆಸರು, ಊರು, ಆ ಪದವನ್ನು ಯಾರಿಂದ ಕಲಿತರೆಂಬುದನ್ನು ತಮ್ಮ ಮಾತಿನಲ್ಲೇ ಹೇಳಲಿ. ಗೌಹರ್ ಜಾನ್ ಹೇಳಿದ್ದರು, ನಮ್ಮ ಅಜ್ಜಿಯೂ ಹೇಳಬಹುದು.

ಸಮಿತಿ ಮುಂದಿನ ಸಭೆಯಲ್ಲಿ ಇದನ್ನು ಒಪ್ಪುವುದೋ ಬಿಡುವುದೋ ನೋಡಬೇಕು. ಯಾವುದಕ್ಕೂ ಬಹಳ ತಡಮಾಡುವಂತಿಲ್ಲ; ಮಳೆಗಾಲದಲ್ಲಿ ಅವರಿಗೆ ಕೆಮ್ಮು ಶುರುವಾಗುತ್ತದೆ. ಶ್ರುತಿ ನಿಲ್ಲುವ ಒಳ್ಳೆಯ ತಂಬೂರಿ ಯಾರ ಮನೆಯಲ್ಲಾದರೂ ಇದ್ದರೆ, ನಾಲ್ಕು ಬೆಳಗಿನ ಮಟ್ಟಿಗೆ ಕೊಡಬೇಕೆಂದು ಸದಸ್ಯರಲ್ಲಿ ವಿನಂತಿ. ಹಾಗೆಯೇ ತಮ್ಮ ತಮ್ಮ ಮನೆಯ ಹಿರಿಯರಲ್ಲಿ ಹಾಡುವವರಿದ್ದರೆ ಅವರ ಹೆಸರನ್ನೂ ಕಾರ್ಯದರ್ಶಿಗಳಿಗೆ ತಿಳಿಸಬೇಕು. ಕಡತ ಇನ್ನೂ ತೆರೆದೇ ಇದೆ.