ಸತ್ಯವೇನು? ಬೆಟ್ ಕಟ್ಟಿ ಹುಳ ತಿಂದರೆ ನಿಜಕ್ಕೂ ಏನೂ ಆಗುವುದಿಲ್ಲವೇ?

"ಧೈರ್ಯ ಇದ್ರೆ ಇದನ್ನ ತಿನ್ನು, ನೋಡೋಣ!" ಸ್ನೇಹಿತರ ನಡುವೆ ಇಂಥ ಮಾತು ನಾವೆಲ್ಲ ಕೇಳಿದ್ದೇವೆ. ಇದನ್ನೇ ಹಾಸ್ಯವಾಗಿಸಿದ ಮಕ್ಕಳ ಕಾದಂಬರಿಯೊಂದಿದೆ: ಅಮೆರಿಕದ ಥಾಮಸ್ ರಾಕ್‌ವೆಲ್ ಅವರ 'ಹೌ ಟು ಈಟ್ ಫ್ರೈಡ್ ವರ್ಮ್ಸ್' (1973). 2006ರಲ್ಲಿ ಇದು ಸಿನಿಮಾ ಕೂಡ ಆಯಿತು.

ಕಥೆ ಏನು?

15 ದಿನದಲ್ಲಿ 15 ಎರೆಹುಳು ತಿಂದರೆ 50 ಡಾಲರ್ ಎಂದು ಆಲನ್ ಬೆಟ್ ಕಟ್ಟುತ್ತಾನೆ. ಬಿಲ್ಲಿ ಒಪ್ಪುತ್ತಾನೆ. ಸೋಲುವ ಭಯಕ್ಕೆ ಆಲನ್ ಮಾಡುವ ಕುತಂತ್ರಗಳೇ ಕಥೆಯ ನಗು. ಕೊನೆಗೆ ಬಿಲ್ಲಿ ಗೆಲ್ಲುತ್ತಾನೆ, ಅವನ ಆರೋಗ್ಯಕ್ಕೂ ಏನೂ ಆಗುವುದಿಲ್ಲ.

ಹಾಗಾದರೆ ಇದು ಸುರಕ್ಷಿತವೇ?

ಇಲ್ಲ. ಕಥೆಯಲ್ಲಿ ಬಹುತೇಕ ಹುಳಗಳನ್ನು ಬೇಯಿಸಿ ಅಥವಾ ಕರಿದು, ಸಾಸ್ ಸುರಿದು ಕೊಡುತ್ತಾರೆ. ವಿಷಯ ತಿಳಿದ ಅಮ್ಮ ಡಾಕ್ಟರನ್ನೂ ಕೇಳುತ್ತಾಳೆ. ನಿಜವಾದ ಬೆಟ್‌ಗಳಲ್ಲಿ ಒಲೆಯೂ ಇರುವುದಿಲ್ಲ, ಅಮ್ಮನೂ ಇರುವುದಿಲ್ಲ.

2010ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 19 ವರ್ಷದ ಯುವಕನೊಬ್ಬ ಗೆಳೆಯರೆದುರು ಹಸಿ ಸ್ಲಗ್ (ಚಿಪ್ಪಿಲ್ಲದ ಬಸವನಹುಳು) ನುಂಗಿದ. 420 ದಿನ ಕೋಮಾದಲ್ಲಿದ್ದು, ಎಚ್ಚರವಾದ ಮೇಲೂ ಪಾರ್ಶ್ವವಾಯು ಪೀಡಿತನಾಗಿಯೇ ಉಳಿದು, 2018ರಲ್ಲಿ ತೀರಿಕೊಂಡ.

ಕಾರಣವೇನು?

ಇಲಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ಬದುಕುವ ಒಂದು ಪರಾವಲಂಬಿ ಹುಳ. ಇದರ ಮರಿಗಳು ಇಲಿಯ ಹಿಕ್ಕೆಯ ಮೂಲಕ ಸ್ಲಗ್ ಮತ್ತು ಬಸವನಹುಳುಗಳ ದೇಹ ಸೇರುತ್ತವೆ. ಅವುಗಳನ್ನು ಹಸಿಯಾಗಿ ತಿಂದ ಮನುಷ್ಯನ ಮೆದುಳಿಗೆ ಹೋಗಿ ಉರಿಯೂತ ಉಂಟುಮಾಡುತ್ತವೆ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಎಲ್ಲರೂ ಅಲ್ಲ. ಹಸಿ ಎರೆಹುಳುವೂ ನಿರಪಾಯಕಾರಿಯಲ್ಲ: ನಾಯಿ, ಬೆಕ್ಕುಗಳ ಮಲದಿಂದ ಮಣ್ಣು ಸೇರಿದ ಜಂತುಹುಳುವಿನ ಮೊಟ್ಟೆಗಳು ಅದರ ಹೊಟ್ಟೆಯಲ್ಲಿರಬಹುದು. ಚೆನ್ನಾಗಿ ಬೇಯಿಸಿದರೆ ಇವು ಸಾಯುತ್ತವೆ.

ಮಗು ನುಂಗಿಬಿಟ್ಟರೆ?

ಬೈಯಬೇಡಿ. ಬೈಗುಳಕ್ಕೆ ಹೆದರಿ ಮಗು ವಿಷಯ ಮುಚ್ಚಿಟ್ಟರೆ ಡಾಕ್ಟರಿಗೆ ಕಾರಣವೇ ತಿಳಿಯುವುದಿಲ್ಲ. ಏನು ತಿಂದಿದೆ, ಯಾವಾಗ ತಿಂದಿದೆ ಎಂದು ಕೇಳಿಕೊಂಡು ವೈದ್ಯರಿಗೆ ತಿಳಿಸಿ. ಲಕ್ಷಣಗಳು ಸಾಮಾನ್ಯವಾಗಿ 1ರಿಂದ 3 ವಾರದ ನಂತರ ಕಾಣಿಸುತ್ತವೆ. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ಜ್ವರ, ಚರ್ಮದಲ್ಲಿ ಜುಮ್ಮೆನ್ನುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಬಸವನಹುಳು ಮುಟ್ಟಿದ ಮಕ್ಕಳ ಕೈಯನ್ನು ಸೋಪಿನಿಂದ ತೊಳೆಸಿ. ಸೊಪ್ಪು, ತರಕಾರಿಗಳನ್ನೂ ಚೆನ್ನಾಗಿ ತೊಳೆಯಿರಿ.

ನಮ್ಮ ತೀರ್ಮಾನ

'ಹುಳ ತಿಂದರೆ ಏನೂ ಆಗಲ್ಲ' ಎಂಬುದು ತಪ್ಪು. ಹಾಗೆಂದು ಕಥೆಯನ್ನು ದೂರಬೇಕಿಲ್ಲ. ಮಕ್ಕಳೊಂದಿಗೆ ಕೂತು ಓದಿ, ಹೊಟ್ಟೆ ತುಂಬ ನಗಿ. ಓದಿ ಮುಗಿಸಿದ ಮೇಲೆ ಒಂದು ಮಾತು ಹೇಳಿಕೊಡಿ: "ನಾನು ತಿನ್ನಲ್ಲ" ಎನ್ನುವುದಕ್ಕೂ ಧೈರ್ಯ ಬೇಕು.