ಹಡಗಿನ ಮೇಲೆ ಇಳಿಯೋಕೂ ಯಾರದ್ದೋ ನೆಲ ಬೇಕು



2019ರ ಸೆಪ್ಟೆಂಬರ್ 13ರಂದು ಗೋವಾದ ನೌಕಾನೆಲೆ ಐಎನ್‌ಎಸ್ ಹನ್ಸಾದಲ್ಲಿ ನೌಕಾ ತೇಜಸ್ ವಿಮಾನ ಬಾಲದ ಕೊಕ್ಕೆಯನ್ನ ಉಕ್ಕಿನ ತಂತಿಗೆ ಸಿಕ್ಕಿಸಿ ನಿಂತಿತು. ನಿಂತಿದ್ದು ಹಡಗಿನ ಮೇಲಲ್ಲ, ಹಡಗಿನ ಡೆಕ್ಕಿನಂತೆ ನೆಲದ ಮೇಲೆ ಕಟ್ಟಿದ ರನ್‌ವೇ ಮೇಲೆ. ಅಲ್ಲಿ ಪಳಗಿದ ಮೇಲೆ, 2020ರ ಜನವರಿ 11ಕ್ಕೆ ವಿಕ್ರಮಾದಿತ್ಯ ಹಡಗಿನ ಮೇಲೆ ಇಳೀತು. ವಿಮಾನ ನಮ್ಮ ಬೆಂಗಳೂರಿಂದು, ಹಡಗಿನ ನೆಲೆ ನಮ್ಮ ಕಾರವಾರ.

ಆ ಕಾರವಾರದ ನೆಲೆಗೆ ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದ್ರು. ಸೀಬರ್ಡ್ ಯೋಜನೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಊರು ಬಿಟ್ಟವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆದರು. ಈಗ ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಗೆ ವಿಮಾನ ನಿಲ್ದಾಣ ಮಾಡೋಕೆ ಮತ್ತೆ ಭೂಮಿ ಕೇಳಿದ್ದಾರೆ.

ಶೀಳನೆರೆ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಕನ್ನಂಬಾಡಿ ಕಟ್ಟೆಗೆ 1911ರಲ್ಲಿ ಕೆಲಸ ಶುರುವಾಯ್ತು, ನಮ್ಮ ಕೆ.ಆರ್.ಪೇಟೆ ತಾಲೂಕಿನ ಊರುಗಳೂ ಹಿನ್ನೀರಿಗೆ ಹೋದವು. ಆಮೇಲೂ ಎಷ್ಟೋ ಕಾಲ ನಡೆದ 1894ರ ಕಾಯ್ದೆ ಹಣ ಕೊಡ್ತಿದ್ದದ್ದು ಜಮೀನಲ್ಲಿ ಹಕ್ಕಿದ್ದವರಿಗೆ. ಗೌಡರ ಗದ್ದೇಲಿ ನಾಟಿ ಹಾಕೋ ನಮ್ಮವ್ವನ ಹೆಸರು ಪಹಣಿಯಲ್ಲಿ ಎಲ್ಲಿರುತ್ತೆ?

ಅಮೆರಿಕದ ಒಂದು ಕತೆ ಕೇಳಿ. ಅಲ್ಲಿನ ಪೈಲಟ್‌ಗಳು ಹಡಗಿಗೆ ಹೋಗೋ ಮುಂಚೆ ಇಂಥ ರನ್‌ವೇ ಮೇಲೆ ರಾತ್ರಿಯೆಲ್ಲ ಇಳಿದು ಹಾರಿ, ಇಳಿದು ಹಾರಿ ಅಭ್ಯಾಸ ಮಾಡ್ತಾರೆ. ಸಮುದ್ರದ ಕತ್ತಲು ಅಭ್ಯಾಸ ಆಗಬೇಕು, ಹಾಗಾಗಿ ದೀಪ ಕಮ್ಮಿ ಇರೋ ಹಳ್ಳಿಗಾಡೇ ಬೇಕು. 2003ರಲ್ಲಿ ನೌಕಾಪಡೆ ನಾರ್ತ್ ಕರೊಲಿನಾದ ವಾಷಿಂಗ್ಟನ್ ಕೌಂಟಿ ಕಡೆ ಸುಮಾರು 30,000 ಎಕರೆಗೆ ಕಣ್ಣು ಹಾಕಿತು. ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿರೋ ಬಡ ಸೀಮೆ ಅದು. ಕಪ್ಪು, ಬಿಳಿ ರೈತರು ಒಟ್ಟಿಗೆ ನಿಂತರು. ಪಕ್ಕದಲ್ಲೇ ಚಳಿಗಾಲಕ್ಕೆ ಹಂಸ, ಬಾತುಗಳು ಬರೋ ಪಕ್ಷಿಧಾಮ. ಪರಿಸರ ಅಧ್ಯಯನ ಸರಿಯಾಗಿ ಮಾಡಿಲ್ಲ ಅಂತ 2005ರಲ್ಲಿ ಕೋರ್ಟು ತಡೆ ಹಾಕಿತು. 2008ರಲ್ಲಿ ನೌಕಾಪಡೆ ಜಾಗ ಕೈಬಿಟ್ಟಿತು. (ಹಕ್ಕಿಗೆ ಕಾನೂನಿತ್ತು ನೋಡಿ!)

ನಮ್ಮಲ್ಲೂ 2013ರ ಕಾಯ್ದೆ ಬಂತು. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಜಮೀನಿನ ಕೂಲಿಯಿಂದಲೇ ಬದುಕಿದವರೂ ಅದರಲ್ಲಿ ಬಾಧಿತ ಕುಟುಂಬವೇ. ಅವರನ್ನ ಪಟ್ಟಿಗೆ ತರೋಕೆ ಇರೋದು ಸಾಮಾಜಿಕ ಪರಿಣಾಮ ಅಧ್ಯಯನ. ಆದರೆ ಸೆಕ್ಷನ್ 40 ಹಿಡಿದು, ದೇಶದ ರಕ್ಷಣೆಗೆ ತುರ್ತು ಅಂದರೆ, ಸೆಕ್ಷನ್ 9ರಡಿ ಆ ಅಧ್ಯಯನವನ್ನೇ ಬಿಟ್ಟುಬಿಡಬಹುದು. ಕೂಲಿಯವರ ಹೆಸರು ಬರೆಸೋಕೆ ಹೋಗೋ ಗೆಳೆಯರು ಈ ಎರಡು ಸೆಕ್ಷನ್ ಮೊದಲು ಓದ್ಕೊಳ್ಳಿ.