ಕ್ಯಾಮೆರಾ ಚಿತ್ರದಿಂದ ದೂರಮಾಪನ

ಕ್ಯಾಮೆರಾ ಚಿತ್ರದಿಂದ ದೂರಮಾಪನ ಎಂದರೆ ಚಿತ್ರದಲ್ಲಿ ವಸ್ತುವೊಂದು ಕಾಣುವ ಗಾತ್ರ ಅಥವಾ ಸ್ಥಾನದ ಆಧಾರದಿಂದ ಅದು ಕ್ಯಾಮೆರಾದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಲೆಕ್ಕಹಾಕುವ ವಿಧಾನ. ಭೂಮಾಪನ, ಯಂತ್ರಗಳ ಹೊಂದಾಣಿಕೆ ಹಾಗೂ ವನ್ಯಜೀವಿ ಗಣತಿಗಳಲ್ಲಿ ಇದು ಬಳಕೆಯಲ್ಲಿದೆ.

ತತ್ವ

ಈ ವಿಧಾನಕ್ಕೆ ಸಮರೂಪ ತ್ರಿಭುಜಗಳ ನಿಯಮವೇ ಆಧಾರ. ವಸ್ತುವಿನ ನಿಜವಾದ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಹೇಳಿದ ಸಂಗಮದೂರದಿಂದ ಗುಣಿಸಿ, ಚಿತ್ರದಲ್ಲಿನ ಅದರ ಎತ್ತರದಿಂದ ಭಾಗಿಸಿದರೆ ದೂರ ದೊರೆಯುತ್ತದೆ. ವಸ್ತುವಿನ ಗಾತ್ರ ತಿಳಿಯದಿದ್ದಲ್ಲಿ ಎರಡು ಕ್ಯಾಮೆರಾಗಳನ್ನು ಬಳಸಿ, ಎರಡು ಚಿತ್ರಗಳಲ್ಲಿ ವಸ್ತುವಿನ ಸ್ಥಾನದ ವ್ಯತ್ಯಾಸದಿಂದ ದೂರವನ್ನು ಕಂಡುಕೊಳ್ಳಲಾಗುತ್ತದೆ.

ಮಾಪನಾಂಕ ನಿರ್ಣಯ

ಅಳತೆಗೆ ಮೊದಲು ಕ್ಯಾಮೆರಾದ ಸಂಗಮದೂರವನ್ನು ನಿರ್ಧರಿಸಬೇಕು. 1 ಮೀಟರ್ ಉದ್ದದ ಕೋಲನ್ನು 5 ಮೀಟರ್ ದೂರದಲ್ಲಿ ನಿಲ್ಲಿಸಿದಾಗ ಅದು ಚಿತ್ರದಲ್ಲಿ 400 ಪಿಕ್ಸೆಲ್ ಎತ್ತರವಾಗಿ ಕಂಡರೆ ಸಂಗಮದೂರ 2000 ಪಿಕ್ಸೆಲ್. ಅದೇ ಕೋಲು 200 ಪಿಕ್ಸೆಲ್ ಆಗಿ ಕಂಡರೆ 10 ಮೀಟರ್ ದೂರದಲ್ಲಿದೆ ಎಂದರ್ಥ. ಮಸೂರವು ಚಿತ್ರದ ಅಂಚುಗಳಲ್ಲಿ ಉಂಟುಮಾಡುವ ವಕ್ರತೆಯನ್ನೂ ಸರಿಪಡಿಸಬೇಕಾಗುತ್ತದೆ. ಇದಕ್ಕಾಗಿ ಚದುರಂಗದ ಮಣೆಯಂತಹ ವಿನ್ಯಾಸವನ್ನು ಹಲವು ಕೋನಗಳಿಂದ ಚಿತ್ರಿಸುವ ವಿಧಾನವನ್ನು ಜಾಂಗ್ ಝೆಂಗ್‌ಯೂ 2000ದಲ್ಲಿ ಪ್ರಕಟಿಸಿದರು.

ದೋಷವು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮೇಲಿನ ಉದಾಹರಣೆಯಲ್ಲಿ 5 ಪಿಕ್ಸೆಲ್‌ಗಳ ತಪ್ಪು 5 ಮೀಟರ್ ದೂರದಲ್ಲಿ ಸುಮಾರು 6 ಸೆಂಟಿಮೀಟರ್ ವ್ಯತ್ಯಾಸ ತಂದರೆ, 20 ಮೀಟರ್ ದೂರದಲ್ಲಿ ಸುಮಾರು 1 ಮೀಟರ್ ವ್ಯತ್ಯಾಸ ತರುತ್ತದೆ.

ವನ್ಯಜೀವಿ ಗಣತಿಯಲ್ಲಿ

ಮೈಸೂರು ಜಿಲ್ಲೆಯ ಹುಣಸೂರು, ಹೆಗ್ಗಡದೇವನಕೋಟೆ ಭಾಗಗಳು ಹಾಗೂ ಕೊಡಗು ಜಿಲ್ಲೆಯಲ್ಲಿ ಹರಡಿರುವ ನಾಗರಹೊಳೆ ಅರಣ್ಯವು ಭಾರತದಲ್ಲಿ ಕ್ಯಾಮೆರಾ ಟ್ರ್ಯಾಪ್ ಆಧಾರಿತ ಹುಲಿ ಅಧ್ಯಯನದ ಆರಂಭಿಕ ತಾಣ. ಇಲ್ಲಿ ಪಡೆದ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ಕೆ. ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು. ಪ್ರತಿ ಹುಲಿಯ ಪಟ್ಟೆಗಳೂ ಭಿನ್ನವಾಗಿರುವುದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಗುರುತಿಸಬಹುದು; ಆದ್ದರಿಂದ ಅಲ್ಲಿ ಕ್ಯಾಮೆರಾದಿಂದ ಪ್ರಾಣಿಗಿರುವ ದೂರದ ಅಗತ್ಯವಿಲ್ಲ.

ಕಡವೆ, ಕಾಟಿಗಳಂತಹ ಬಲಿಪ್ರಾಣಿಗಳನ್ನು ಹೀಗೆ ಬಿಡಿಬಿಡಿಯಾಗಿ ಗುರುತಿಸುವುದು ಕಷ್ಟ. ನಾಗರಹೊಳೆಯಲ್ಲಿ ಸಂಶೋಧಕರು ನೇರ ಪಥಗಳಲ್ಲಿ ನಡೆದು, ಕಂಡ ಪ್ರಾಣಿಗಳ ದೂರವನ್ನು ದಾಖಲಿಸಿ ಇವುಗಳ ಸಾಂದ್ರತೆಯನ್ನು ಅಂದಾಜಿಸಿದ್ದಾರೆ. ಇದೇ ತತ್ವವನ್ನು ಕ್ಯಾಮೆರಾ ಟ್ರ್ಯಾಪ್‌ಗಳಿಗೆ ವಿಸ್ತರಿಸುವ ವಿಧಾನವನ್ನು ಎರಿಕ್ ಹೋವ್ ಮತ್ತು ಸಂಗಡಿಗರು 2017ರಲ್ಲಿ ಮಂಡಿಸಿದರು. ಇದರಲ್ಲಿ ಕ್ಯಾಮೆರಾ ಮುಂದೆ ತಿಳಿದ ದೂರಗಳಲ್ಲಿ ಗುರುತುಗಳನ್ನಿಟ್ಟು ಮೊದಲೇ ಚಿತ್ರ ತೆಗೆಯಲಾಗುತ್ತದೆ. ಬಳಿಕ ಸೆರೆಯಾದ ಪ್ರಾಣಿಯ ಚಿತ್ರವನ್ನು ಅವುಗಳೊಂದಿಗೆ ಹೋಲಿಸಿ ದೂರವನ್ನು ನಿರ್ಣಯಿಸಲಾಗುತ್ತದೆ.

ದೋಷದ ಪರಿಣಾಮ

ಕ್ಯಾಮೆರಾ ಆವರಿಸುವ ವಿಸ್ತೀರ್ಣವು ದೂರದ ವರ್ಗವನ್ನು ಅವಲಂಬಿಸಿದೆ. ದೂರಗಳನ್ನೆಲ್ಲ ಶೇ. 10ರಷ್ಟು ಹೆಚ್ಚಾಗಿ ಅಂದಾಜಿಸಿದರೆ ವಿಸ್ತೀರ್ಣ ಶೇ. 21ರಷ್ಟು ಹೆಚ್ಚಾಗಿ, ಪ್ರಾಣಿಸಾಂದ್ರತೆ ನಿಜಕ್ಕಿಂತ ಸುಮಾರು ಶೇ. 17ರಷ್ಟು ಕಡಿಮೆಯಾಗಿ ತೋರುತ್ತದೆ. ಒಂದು ಕಾಡಿನಲ್ಲಿ ಎಷ್ಟು ಹುಲಿಗಳು ಬದುಕಬಲ್ಲವು ಎಂಬುದನ್ನು ನಿರ್ಧರಿಸುವ ಪ್ರಮುಖ ಅಂಶ ಬಲಿಪ್ರಾಣಿಗಳ ಸಾಂದ್ರತೆಯೇ ಆಗಿರುವುದರಿಂದ, ಮಾಪನಾಂಕ ನಿರ್ಣಯದಲ್ಲಿನ ಸಣ್ಣ ತಪ್ಪೂ ಸಂರಕ್ಷಣೆಯ ಲೆಕ್ಕಾಚಾರವನ್ನು ಬದಲಿಸಬಲ್ಲದು.